ಕ್ಯಾಂಪರ್ ಗಾಡಿಗೆ ಮನೆ ಬ್ಯಾಟರಿ: ಲೆಕ್ಕದಿಂದ ಕೊನೆಯ ನಟ್ಟಿನವರೆಗೆ

ಚಾರ್ಮಾಡಿ ಘಾಟಿ ಇಳಿದು ಉಜಿರೆಯಲ್ಲಿ ಟೀ ಕುಡಿಯೋಣ ಅಂತ ಗಾಡಿ ನಿಲ್ಲಿಸಿದ್ದೆವು. ಹಿಂದಿನ ಬಾಗಿಲು ತೆಗೆದ ಕೂಡಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಬೆಂಕಿ ಇಲ್ಲ, ಹೊಗೆ ಇಲ್ಲ, ಯಾವ ಫ್ಯೂಸೂ ಹೋಗಿಲ್ಲ. ಸೀಟಿನ ಕೆಳಗೆ ಮನೆ ಬ್ಯಾಟರಿಯ, ಅಂದರೆ ಎಂಜಿನ್ನಿನದಲ್ಲದೆ ಒಳಗಿನ ಫ್ರಿಜ್, ಫ್ಯಾನಿಗೆಂದೇ ಇಟ್ಟ ಎರಡನೇ ಬ್ಯಾಟರಿಯ, ಡಬ್ಬಿ ತೆಗೆದು ನೋಡಿದರೆ ಚಾರ್ಜಿಂಗ್ ವೈರಿನ ತುದಿಯ ಸ್ಲೀವ್ ಕರಗಿ ಕಪ್ಪಾಗಿತ್ತು. ನಟ್ಟನ್ನು ಬೆರಳಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. ಹಿಂದಿನ ವಾರ ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರ್ ತರಲು ಎದ್ದವನು ಮರೆತೇಬಿಟ್ಟಿದ್ದೆ.

ಫ್ಯೂಸ್ ಯಾಕೆ ಹೋಗಲಿಲ್ಲ ಅಂತ ಕೇಳುವವರಿದ್ದಾರೆ. ಹೋಗಲು ಕಾರಣವೇ ಇರಲಿಲ್ಲ. ಹರಿಯುತ್ತಿದ್ದದ್ದು ಸರಿಯಾದ 30 ಆಂಪ್. ಆದರೆ ಸಡಿಲವಾದ ಜಾಗದಲ್ಲಿ 0.03 ಓಮ್ ತಡೆ ಇದ್ದರೂ ಸಾಕು, 30 ಗುಣಿಸು 30 ಗುಣಿಸು 0.03, ಅಂದರೆ 27 ವ್ಯಾಟ್ ಬಿಸಿ ಆ ಒಂದೇ ನಟ್ಟಿನಲ್ಲಿ. ಸೀಟಿನ ಕೆಳಗೆ ಒಂದು ಸೋಲ್ಡರಿಂಗ್ ಐರನ್ ಹಚ್ಚಿಟ್ಟು ನಾಲ್ಕು ಗಂಟೆ ಗಾಡಿ ಓಡಿಸಿದ ಹಾಗೆ. ಅವತ್ತಿನಿಂದ ನನ್ನ ಮಾತು ಒಂದೇ: ಬ್ಯಾಟರಿ ಯಾವ ಕಂಪನಿಯದು ಅನ್ನುವುದಕ್ಕೆ ಒಂದು ದಿನ ಕೊಡಿ, ವೈರು, ಲಗ್ಗು (ಬೋಲ್ಟಿಗೆ ಸಿಕ್ಕಿಸಲು ವೈರಿನ ತುದಿಗೆ ಹಾಕುವ ತಾಮ್ರದ ಬಳೆ), ಫ್ಯೂಸಿಗೆ ಒಂದು ವಾರ ಕೊಡಿ.

ನಮ್ಮದು ಹಳೇ ಟಿಟಿ, ಅಂದರೆ ಟೆಂಪೊ ಟ್ರಾವೆಲರ್. ಇಬ್ಬರಿಗೆ ಮಲಗಲು ಜಾಗ, ಸಣ್ಣ ಅಡುಗೆ ಕಟ್ಟೆ, ಫ್ರಿಜ್, ಎರಡು ಫ್ಯಾನ್. ಅದನ್ನೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ಗಾಡಿ ದೊಡ್ಡದಿದ್ದರೆ ಅಂಕಿ ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಮೊದಲು ಎರಡು ವಿಷಯ ಖಾತ್ರಿ ಮಾಡಿಕೊಳ್ಳಿ. ಒಂದು, ನಿಮ್ಮ ಗಾಡಿ 12 ವೋಲ್ಟಿನದೋ 24 ವೋಲ್ಟಿನದೋ. ಮಿನಿ ಬಸ್ ಕೊಂಡು ಮಾಡುವವರು ಇಲ್ಲಿ ಎಡವುತ್ತಾರೆ. ಮಲ್ಟಿಮೀಟರ್ ಹಿಡಿದರೆ ಒಂದು ನಿಮಿಷದ ಕೆಲಸ. ಎರಡು, ಆರ್‌ಟಿಒ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುತ್ತದೆ. ಸೀಟು ಕಿತ್ತು ಹಾಸಿಗೆ ಹಾಕುವ ಮುಂಚೆ ಅನುಮತಿ ಮತ್ತು ಇನ್ಶೂರೆನ್ಸ್ ವಿಚಾರ ಮುಗಿಸಿಕೊಳ್ಳಿ.

1. ದಿನಕ್ಕೆ ಎಷ್ಟು ಯೂನಿಟ್ ಬೇಕು?

ಎಲ್ಲರೂ ಆಂಪ್ ಅವರ್‌ನಲ್ಲಿ ಮಾತಾಡುತ್ತಾರೆ. ನನಗೆ ಕರೆಂಟ್ ಬಿಲ್ಲಿನ ಯೂನಿಟ್ಟೇ ಸುಲಭ. 1000 ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಅಂದರೆ 1000 ವ್ಯಾಟ್ ಅವರ್. ಒಂದು ಹಾಳೆ ತೆಗೆದುಕೊಂಡು ಬರೆಯಿರಿ.

45 ಲೀಟರಿನ ಕಂಪ್ರೆಸರ್ ಫ್ರಿಜ್, ಓಡುವಾಗ 45 ವ್ಯಾಟ್, ಸೆಕೆಯಲ್ಲಿ ಅರ್ಧ ಹೊತ್ತು ಓಡುತ್ತದೆ ಅಂದುಕೊಂಡರೆ 540 ವ್ಯಾಟ್ ಅವರ್.
15 ವ್ಯಾಟಿನ ಎರಡು 12 ವೋಲ್ಟ್ ಫ್ಯಾನ್, 10 ಗಂಟೆ: 300.
3 ವ್ಯಾಟಿನ ನಾಲ್ಕು ಎಲ್‌ಇಡಿ, 5 ಗಂಟೆ: 60.
ಎರಡು ಫೋನ್, ಒಂದು ಲ್ಯಾಪ್‌ಟಾಪ್: 100.
60 ವ್ಯಾಟಿನ ನೀರಿನ ಪಂಪ್, ದಿನಕ್ಕೆಲ್ಲ ಸೇರಿ ಕಾಲು ಗಂಟೆ: 15.
500 ವ್ಯಾಟಿನ ಮಿಕ್ಸಿ, ಚಟ್ನಿಗೆ 3 ನಿಮಿಷ: 25.

ಒಟ್ಟು 1040. ಹೆಚ್ಚೂಕಡಿಮೆ ಒಂದು ಯೂನಿಟ್.

ಮಿಕ್ಸಿಯ ಸಾಲನ್ನು ಮತ್ತೊಮ್ಮೆ ನೋಡಿ. "ಗಾಡಿಯಲ್ಲಿ ಮಿಕ್ಸಿನಾ, ಬ್ಯಾಟರಿ ಖಾಲಿಯಾಗಲ್ವಾ?" ಅಂತ ಕೇಳುತ್ತಾರೆ. ಆಗಲ್ಲ. ಫ್ಯಾನ್ ರಾತ್ರಿಯಿಡೀ ತಿನ್ನುವುದರ ಮುಂದೆ ಚಟ್ನಿ ಲೆಕ್ಕಕ್ಕೇ ಇಲ್ಲ. ಆದರೆ ಆ ಮೂರು ನಿಮಿಷ ವೈರಿನ ಮೇಲೆ ಬೀಳುವ ಹೊರೆ ಮಾತ್ರ ದೊಡ್ಡದು. 12 ವೋಲ್ಟಿನಲ್ಲಿ 500 ವ್ಯಾಟ್ ಅಂದರೆ 42 ಆಂಪ್, ಇನ್ವರ್ಟರಿನ ನಷ್ಟ ಸೇರಿಸಿದರೆ 45 ದಾಟುತ್ತದೆ. ಹಾಗಾಗಿ ಬ್ಯಾಟರಿಯ ಗಾತ್ರವನ್ನು ಫ್ರಿಜ್ ಮತ್ತು ಫ್ಯಾನ್ ನಿರ್ಧರಿಸುತ್ತವೆ, ವೈರಿನ ದಪ್ಪವನ್ನು ಮಿಕ್ಸಿ ನಿರ್ಧರಿಸುತ್ತದೆ.

ಇಂಡಕ್ಷನ್ ಒಲೆ ಕತೆ ಬೇರೆ. 1500 ವ್ಯಾಟಿನಲ್ಲಿ 20 ನಿಮಿಷ ಅನ್ನ ಸಾರು ಮಾಡಿದರೆ ಅರ್ಧ ಯೂನಿಟ್ ಹೋಯಿತು. ನಾವು ಗ್ಯಾಸಿನಲ್ಲೇ ಅಡುಗೆ ಮಾಡುತ್ತೇವೆ.

2. ಟ್ಯೂಬ್ಯುಲರೋ ಲಿಥಿಯಮ್ಮೋ

ಮನೆಯ ಯುಪಿಎಸ್‌ನಿಂದ ಬಿಡಿಸಿದ 150 ಎಎಚ್ (ಆಂಪ್ ಅವರ್) ಟ್ಯೂಬ್ಯುಲರ್, ಅಂದರೆ ಸೀಸ ಮತ್ತು ಆಸಿಡ್ಡಿನ, ಬ್ಯಾಟರಿ ಸುಮ್ನೆ ಬಿದ್ದಿದೆ, ಹಾಕಿಬಿಡೋಣ ಅನ್ನಿಸುವುದು ಸಹಜ. 12 ವೋಲ್ಟಿನಿಂದ ಗುಣಿಸಿದರೆ ಅದರಲ್ಲಿ ಇರುವುದು 1.8 ಯೂನಿಟ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯಸ್ಸು ಕಡಿಮೆ. ಅಂದರೆ ಕೈಗೆ ಸಿಗುವುದು 0.9. ಒಂದು ದಿನಕ್ಕೂ ಸಾಲದು. ತೂಕ 50 ಕೆಜಿಗೂ ಜಾಸ್ತಿ. ಘಾಟಿ ತಿರುವಿನಲ್ಲಿ ಆಸಿಡ್ ತುಳುಕುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ನೀವು ಮಲಗುವ ಪೆಟ್ಟಿಗೆಯೊಳಗೆ ಅದು ಬೇಡ. ಹಾಕಲೇಬೇಕೆಂದರೆ ಗಾಳಿ ಹೊರಗೆ ಹೋಗುವ ಬೇರೆ ಡಬ್ಬಿ ಕಟ್ಟಿಸಿ.

ಲಿಥಿಯಂನಲ್ಲಿ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಇದನ್ನೇ ಕೇಳಿ ತೆಗೆದುಕೊಳ್ಳಿ. 3.2 ವೋಲ್ಟಿನ ನಾಲ್ಕು ಸೆಲ್ ಸಾಲಾಗಿ, ಒಟ್ಟು 12.8 ವೋಲ್ಟ್. 200 ಎಎಚ್ ಇದ್ದರೆ ಎರಡೂವರೆ ಯೂನಿಟ್, ಅದರಲ್ಲಿ ಎರಡನ್ನು ಧೈರ್ಯವಾಗಿ ಬಳಸಬಹುದು. ನಮ್ಮ ಲೆಕ್ಕಕ್ಕೆ ಸುಮಾರು ಎರಡು ದಿನ. ತೂಕ ಟ್ಯೂಬ್ಯುಲರಿನ ಅರ್ಧದಷ್ಟೂ ಇರುವುದಿಲ್ಲ. ದುಡ್ಡು ಜಾಸ್ತಿ, ನಿಜ. ಕೊಳ್ಳುವಾಗ ಒಳಗಿರುವ ಬಿಎಂಎಸ್, ಅಂದರೆ ಸೆಲ್ಲುಗಳನ್ನು ಕಾಯುವ, ಹೊರೆ ಮೀರಿದರೆ ಆಫ್ ಮಾಡುವ ಸರ್ಕ್ಯೂಟ್, ಎಷ್ಟು ಆಂಪ್ ಸತತವಾಗಿ ಕೊಡುತ್ತದೆ ಅಂತ ಕೇಳಿ. 1000 ವ್ಯಾಟ್ ಇನ್ವರ್ಟರ್ ಪೂರ್ತಿ ಹೊರೆಯಲ್ಲಿ 95 ಆಂಪ್ ಎಳೆಯುತ್ತದೆ. 100 ಆಂಪಿನ ಬಿಎಂಎಸ್ ಆದರೆ ಫ್ರಿಜ್ಜೂ ಜೊತೆಗೆ ಶುರುವಾದಾಗ ಎಲ್ಲ ಆಫ್. 150 ಇರಲಿ.

ಎಲ್‌ಎಫ್‌ಪಿ ಸೆಲ್ಲನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಕೊಡಗಿನ ಚಳಿಗೆ ಹೆದರಬೇಕಿಲ್ಲ, ಲಡಾಖ್‌ಗೆ ಹೋಗುವವರು ನೆನಪಿಡಿ. ನಮಗೆ ತೊಂದರೆ ಸೆಕೆ. ಕಲಬುರಗಿ ಕಡೆ ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಒಳಗೆ ಕೈ ಇಡಲಾಗುವುದಿಲ್ಲ. ಬ್ಯಾಟರಿ ಬಾನೆಟ್ ಕಡೆ ಬೇಡ, ಬಿಸಿಲು ಬೀಳುವ ಗಾಜಿನ ಪಕ್ಕ ಬೇಡ. ಎರಡು ಆಕ್ಸಲ್‌ಗಳ ನಡುವೆ, ನೆಲಕ್ಕೆ ಹತ್ತಿರ, ಬೋಲ್ಟ್ ಹಾಕಿದ ಕಬ್ಬಿಣದ ಪಟ್ಟಿಯಿಂದ ಬಿಗಿಯಾಗಿ ಕೂರಿಸಿ. ಜೋರು ಬ್ರೇಕ್ ಹೊಡೆದಾಗ 25 ಕೆಜಿ ಪೆಟ್ಟಿಗೆ ಮುಂದಕ್ಕೆ ಹಾರಬಾರದು.

100 ಎಎಚ್‌ನ ಎರಡನ್ನು ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಹಾಕುವುದಾದರೆ ಒಂದೇ ಕಂಪನಿ, ಒಂದೇ ವಯಸ್ಸು. ಸೇರಿಸುವ ಮುಂಚೆ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ. ಪ್ಲಸ್ಸನ್ನು ಮೊದಲನೆಯದರಿಂದ, ಮೈನಸ್ಸನ್ನು ಎರಡನೆಯದರಿಂದ ತೆಗೆಯಿರಿ. ಆಗ ಎರಡೂ ಸಮವಾಗಿ ದುಡಿಯುತ್ತವೆ.

3. ಕಾಗದದ ಮೇಲೆ ಮೊದಲು

ವೈರ್ ಕತ್ತರಿಸುವ ಮುಂಚೆ ಚಿತ್ರ ಬರೆಯಿರಿ. ಪ್ಲಸ್ ಬದಿ: ಬ್ಯಾಟರಿ, ಮೇನ್ ಫ್ಯೂಸ್, ಮೇನ್ ಸ್ವಿಚ್, ಆಮೇಲೆ ಎಲ್ಲ ವೈರು ಬಂದು ಸೇರುವ ತಾಮ್ರದ ಪಟ್ಟಿ, ಅಂದರೆ ಬಸ್‌ಬಾರ್. ಬಸ್‌ಬಾರಿನಿಂದ ಇನ್ವರ್ಟರಿಗೆ ಒಂದು, ಸಣ್ಣ ಫ್ಯೂಸ್ ಬಾಕ್ಸಿಗೆ ಒಂದು, ಚಾರ್ಜರುಗಳಿಗೆ ಒಂದೊಂದು. ಮೈನಸ್ ಬದಿ: ಬ್ಯಾಟರಿ, ಶಂಟ್, ಬಸ್‌ಬಾರ್. ಶಂಟ್ ಅಂದರೆ ಒಳಗೆ ಬಂದದ್ದು, ಹೊರಗೆ ಹೋದದ್ದು ಎಲ್ಲ ಲೆಕ್ಕ ಇಡುವ ಗುಮಾಸ್ತ. ಒಂದೇ ಒಂದು ಮೈನಸ್ ವೈರನ್ನು ಅವನ ಹಿಂದಿನಿಂದ ನೇರ ಬ್ಯಾಟರಿಗೆ ಕೊಟ್ಟರೂ ಲೆಕ್ಕ ತಪ್ಪುತ್ತದೆ. ಗಾಡಿಯ ಬಾಡಿಗೆ ಮೈನಸ್ ಕೊಡುವುದೂ ಒಂದೇ ಕಡೆ, ಶಂಟ್ ದಾಟಿದ ಮೇಲೆ.

4. ವೈರು, ಲಗ್ಗು, ಫ್ಯೂಸ್

"12 ವೋಲ್ಟ್ ಅಲ್ವಾ ಸಾರ್, ಏನೂ ಆಗಲ್ಲ." ಆಟೋ ಎಲೆಕ್ಟ್ರಿಷಿಯನ್ ಅಂಗಡಿಗಳಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಶಾಕ್ ಹೊಡೆಯುವುದಿಲ್ಲ, ಸರಿ. ಆದರೆ ಅದೇ ಕೆಲಸಕ್ಕೆ ಮನೆಯ 230 ವೋಲ್ಟಿಗಿಂತ ಹತ್ತೊಂಬತ್ತು ಪಟ್ಟು ಜಾಸ್ತಿ ಆಂಪ್ ಬೇಕು. ಬಿಸಿಯಾಗುವುದು ಆಂಪಿನಿಂದ.

ಲೆಕ್ಕ ಸುಲಭ. ತಾಮ್ರದ ವೈರಿನ ತಡೆ: 0.0172 ಗುಣಿಸು ಮೀಟರ್, ಭಾಗಿಸು ವೈರಿನ ದಪ್ಪದ ಸ್ಕ್ವೇರ್ ಎಂಎಂ. ಹೋಗುವ ಮತ್ತು ಬರುವ ಉದ್ದ ಎರಡನ್ನೂ ಸೇರಿಸಿ. ಫ್ರಿಜ್ 5 ಮೀಟರ್ ದೂರ ಇದ್ದರೆ ಉದ್ದ 10. ಮನೆಯ ಲೈಟಿಗೆ ಹಾಕುವ 1.5 ಸ್ಕ್ವೇರ್ ವೈರ್ ಎಳೆದರೆ 0.115 ಓಮ್. 4 ಆಂಪಿಗೆ 0.46 ವೋಲ್ಟ್ ದಾರಿಯಲ್ಲೇ ಖರ್ಚು. ಕಂಪ್ರೆಸರ್ ಶುರುವಾಗುವ ಕ್ಷಣ ಇನ್ನೂ ಜಾಸ್ತಿ. ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಫ್ರಿಜ್ ಆಫ್ ಆಗುವುದಕ್ಕೆ ಇದೇ ಕಾರಣ. 6 ಸ್ಕ್ವೇರ್ ಹಾಕಿದರೆ ನಷ್ಟ 0.12 ವೋಲ್ಟಿಗಿಂತ ಕಡಿಮೆ.

ನಮ್ಮ ಗಾಡಿಯಲ್ಲಿ ಬ್ಯಾಟರಿಯಿಂದ ಬಸ್‌ಬಾರ್ ಮತ್ತು ಇನ್ವರ್ಟರಿಗೆ 50 ಸ್ಕ್ವೇರ್, ಎಂಜಿನ್ ಕಡೆಯಿಂದ ಬರುವ ಚಾರ್ಜಿಂಗಿಗೆ 16, ಫ್ರಿಜ್ಜಿಗೆ 6, ಫ್ಯಾನ್ ಮತ್ತು ಪಂಪಿಗೆ 2.5, ಲೈಟಿಗೆ 1.5. ಎಲ್ಲವೂ ಎಳೆ ಎಳೆಯಾದ ತಾಮ್ರ, ಅಲ್ಯೂಮಿನಿಯಂ ಅಲ್ಲ, ಒಂಟಿ ಕಂಬಿಯೂ ಅಲ್ಲ. ಗಾಡಿಯ ಅದುರಾಟಕ್ಕೆ ಒಂಟಿ ಕಂಬಿ ಮುರಿಯುತ್ತದೆ.

ಲಗ್ ಹಾಕಲು ಸುತ್ತಿಗೆ ಬೇಡ, ಅದನ್ನು ವೈರಿನ ಮೇಲೆ ಒತ್ತಿ ಕಚ್ಚಿಸುವ ಹೈಡ್ರಾಲಿಕ್ ಕ್ರಿಂಪರ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಲಗ್ಗೂ ಸಿಗುತ್ತದೆ, ಹುಡುಕಿದರೆ ಕ್ರಿಂಪ್ ಮಾಡಿಕೊಡುವವರೂ ಸಿಗುತ್ತಾರೆ. ಉದ್ದ ಅಳೆದುಕೊಂಡು ಹೋದರೆ ಆಯಿತು. ಕ್ರಿಂಪ್ ಆದ ಮೇಲೆ ವೈರನ್ನು ಕಾಲಲ್ಲಿ ಒತ್ತಿ ಹಿಡಿದು ಲಗ್ಗನ್ನು ಮೈಯೆಲ್ಲ ಬಲ ಹಾಕಿ ಎಳೆಯಿರಿ. ಬಂದರೆ ಬರಲಿ, ಈಗಲೇ ಬರಲಿ. ಆಮೇಲೆ ಹೀಟ್ ಶ್ರಿಂಕ್ ಸ್ಲೀವ್. ಬೋಲ್ಟಿಗೆ ಹಾಕುವಾಗ ಲಗ್ಗಿನ ತಾಮ್ರ ನೇರ ಟರ್ಮಿನಲ್ ಮೇಲೆ ಕೂರಬೇಕು, ವಾಷರ್ ಅದರ ಮೇಲೆ ಬರಬೇಕು. ವಾಷರನ್ನು ನಡುವೆ ಸಿಕ್ಕಿಸಿದರೆ ಕರೆಂಟೆಲ್ಲ ಆ ಸ್ಟೀಲ್ ಬಿಲ್ಲೆಯ ಮೂಲಕ ಹೋಗಬೇಕಾಗುತ್ತದೆ. ಬಹಳ ಕಡೆ ಕಾಣುವ ತಪ್ಪು ಇದು.

ಫ್ಯೂಸ್ ಕಾಯುವುದು ಉಪಕರಣವನ್ನಲ್ಲ, ವೈರನ್ನು. ಆದ್ದರಿಂದ ವೈರ್ ತಡೆಯುವ ಆಂಪಿಗಿಂತ ಫ್ಯೂಸ್ ದೊಡ್ಡದಿರಬಾರದು. ಮೇನ್ ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸಿಗಿಂತ ಹಿಂದಿರುವ ಆ ತುಂಡು ವೈರಿಗೆ ಯಾವ ರಕ್ಷಣೆಯೂ ಇಲ್ಲ, ಅದಕ್ಕೇ ಅದು ಗಿಡ್ಡ ಇರಬೇಕು. ನಮ್ಮದು 150 ಆಂಪ್, ಕ್ಲಾಸ್ ಟಿ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪ್ ಕೊಡುತ್ತದೆ. ಸಾಧಾರಣ ಪಟ್ಟಿ ಫ್ಯೂಸ್ ಕರಗಿದ ಮೇಲೂ ಆ ಸಂದಿಯಲ್ಲಿ ಕಿಡಿ ಹರಿಯುತ್ತಲೇ ಇರಬಹುದು. ಕ್ಲಾಸ್ ಟಿ ಅದನ್ನು ನಿಲ್ಲಿಸಲೆಂದೇ ಮಾಡಿದ್ದು. ಮನೆಯ ಎಸಿ ಕರೆಂಟಿಗೆ ಮಾಡಿದ ಎಂಸಿಬಿಯನ್ನು ಈ ಜಾಗಕ್ಕೆ ಹಾಕುವುದಂತೂ ಬೇಡವೇ ಬೇಡ. ಬ್ಯಾಟರಿಯ ಡಿಸಿ ಕರೆಂಟಿನ ಕಿಡಿ ಅದಕ್ಕೆ ಆರುವುದಿಲ್ಲ.

ಎಂಜಿನ್ ಕಡೆಯ 16 ಸ್ಕ್ವೇರ್ ವೈರಿಗೆ ಎರಡೂ ತುದಿಯಲ್ಲಿ 60 ಆಂಪ್ ಫ್ಯೂಸ್ ಬೇಕು, ಯಾಕಂದರೆ ಎರಡೂ ತುದಿಯಲ್ಲಿ ಬ್ಯಾಟರಿ ಇದೆ. ತಗಡು ದಾಟುವ ಕಡೆಯೆಲ್ಲ ಅಂಚು ವೈರನ್ನು ಕೊಯ್ಯದ ಹಾಗೆ ತೂತಿಗೆ ರಬ್ಬರ್ ಬಳೆ, ಅಂದರೆ ಗ್ರಾಮೆಟ್ ಹಾಕಿ.

5. ಜೋಡಿಸುವ ಕ್ರಮ

ಉಂಗುರ, ಕಡಗ, ವಾಚ್ ಬಿಚ್ಚಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಬಾಯಿ ಮಾತ್ರ ಹೊರಗಿರಲಿ. ಪ್ಲಸ್ ಮತ್ತು ಬಾಡಿಯ ನಡುವೆ ಸ್ಪ್ಯಾನರ್ ಸಿಕ್ಕಿಕೊಂಡರೆ ಅದು ಕೆಂಪಗೆ ಕಾಯುತ್ತದೆ. ಉಂಗುರವೂ ಅಷ್ಟೇ, ಬೆರಳಿನ ಸಮೇತ.

ಮೇನ್ ಫ್ಯೂಸ್ ಹೊರಗಿಡಿ, ಸ್ವಿಚ್ ಆಫ್ ಮಾಡಿ. ದೂರದ ಉಪಕರಣಗಳಿಂದ ಶುರು ಮಾಡಿ ಬ್ಯಾಟರಿ ಕಡೆಗೆ ಬನ್ನಿ. ಬ್ಯಾಟರಿಗೆ ಮೊದಲು ಪ್ಲಸ್, ಆಮೇಲೆ ಮೈನಸ್. ಬಿಚ್ಚುವಾಗ ಉಲ್ಟಾ. ಪ್ಲಸ್ ಮೈನಸ್ ಅದಲು ಬದಲಾಗಿಲ್ಲ ಅಂತ ಮೀಟರಿನಲ್ಲಿ ನೋಡಿದ ಮೇಲೆಯೇ ಫ್ಯೂಸ್ ಕೂರಿಸಿ.

ಮೊದಲ ಸಲ ಸ್ವಿಚ್ ಹಾಕುವಾಗ ಒಂದು ಉಪಾಯ. ಇನ್ವರ್ಟರಿನ ಒಳಗಿನ ಕೆಪಾಸಿಟರುಗಳು ಖಾಲಿ ಇರುತ್ತವೆ, ಒಮ್ಮೆಗೇ ಕರೆಂಟ್ ಎಳೆದು ಚಟ್ ಅಂತ ಕಿಡಿ ಹಾರುತ್ತದೆ. ಕೆಲವು ಬಿಎಂಎಸ್ ಇದನ್ನು ಶಾರ್ಟ್ ಅಂದುಕೊಂಡು ಆಫ್ ಆಗುತ್ತವೆ. ಹಳೇ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಹಾಕಿ, ಆಫ್ ಇರುವ ಸ್ವಿಚ್ಚಿನ ಎರಡೂ ತುದಿಗೆ ಹಿಡಿಯಿರಿ. ಉಳಿದ ಉಪಕರಣವೆಲ್ಲ ಆಫ್ ಇರಲಿ. ಬಲ್ಬ್ ಒಮ್ಮೆ ಹತ್ತಿ ನಿಧಾನಕ್ಕೆ ಮಂಕಾಗುತ್ತದೆ. ಮಂಕಾದ ಮೇಲೆ ಸ್ವಿಚ್ ಹಾಕಿ. ಆರದೇ ಉರಿಯುತ್ತಲೇ ಇದ್ದರೆ ಎಲ್ಲೋ ಏನೋ ಎಳೆಯುತ್ತಿದೆ, ಹುಡುಕಿ.

6. ಚಾರ್ಜ್ ಮಾಡುವ ಮೂರು ದಾರಿ

ಎಂಜಿನ್ನಿಂದ: ಆಲ್ಟರ್ನೇಟರನ್ನು (ಎಂಜಿನ್ ತಿರುಗಿಸುವ ಜನರೇಟರ್) ನೇರವಾಗಿ ಲಿಥಿಯಂಗೆ ಕೊಡಬೇಡಿ. ಲಿಥಿಯಂ ಸಿಕ್ಕಷ್ಟು ನುಂಗುತ್ತದೆ. ಗಾಡಿ ನಿಧಾನಕ್ಕೆ ಹೋಗುವಾಗ ಆಲ್ಟರ್ನೇಟರಿಗೆ ಗಾಳಿ ಕಡಿಮೆ, ಹೊರೆ ಪೂರ್ತಿ. ಸುಟ್ಟುಹೋಗಬಹುದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಇನ್ನೊಂದು ತೊಡಕು. ಅವುಗಳಲ್ಲಿ ಅನೇಕವು ಗಾಡಿ ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜ್ ಇಳಿಸುತ್ತವೆ, ಎಂಜಿನ್ ಓಡುವಾಗ ಎರಡು ಬ್ಯಾಟರಿಯನ್ನು ಸೇರಿಸುವ ಹಳೇ ರಿಲೇ ಪದ್ಧತಿ ಅಲ್ಲಿ ಕೆಲಸ ಮಾಡುವುದಿಲ್ಲ. ಎರಡಕ್ಕೂ ಔಷಧ ಡಿಸಿ ಟು ಡಿಸಿ ಚಾರ್ಜರ್, ಅಂದರೆ ನಡುವೆ ಕೂತು ಮಿತಿಯೊಳಗೆ ಸರಿಯಾದ ವೋಲ್ಟಿನಲ್ಲಿ ಕೊಡುವ ಡಬ್ಬಿ. 30 ಆಂಪಿನದು ಸಾಕು. ನಾಲ್ಕು ಗಂಟೆ ಓಡಿದರೆ 120 ಎಎಚ್, ಅಂದರೆ ಒಂದೂವರೆ ಯೂನಿಟ್. ಬೆಂಗಳೂರಿನಿಂದ ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ನಿನ್ನೆಯ ಖರ್ಚು ತುಂಬಿ ಮಿಕ್ಕುತ್ತದೆ. ಇಗ್ನಿಷನ್ ಆನ್ ಇದ್ದಾಗ ಮಾತ್ರ ಕೆಲಸ ಮಾಡುವ ಹಾಗೆ ಸಿಗ್ನಲ್ ವೈರ್ ಕೊಡಿ.

ಬಿಸಿಲಿನಿಂದ: 200 ವ್ಯಾಟ್ ಪ್ಯಾನಲ್ ಚಪ್ಪಟೆಯಾಗಿ ಮಲಗಿರುತ್ತದೆ, ಧೂಳು ಕೂರುತ್ತದೆ, ಕಾದಷ್ಟೂ ಇಳುವರಿ ಇಳಿಯುತ್ತದೆ. ಒಳ್ಳೆಯ ಬಿಸಿಲಿನ ದಿನ ಅರ್ಧ ಯೂನಿಟ್ಟಿನಿಂದ 0.6 ಅಂತ ಹಿಡಿಯಿರಿ. ಜುಲೈನಲ್ಲಿ ಆಗುಂಬೆಗೆ ಹೋದರೆ ಅದನ್ನು ಮರೆತುಬಿಡಿ. ಪ್ಯಾನಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ಹಿಡಿತದಲ್ಲಿಡುವ ಎಂಪಿಪಿಟಿ ಕಂಟ್ರೋಲರಿಗೆ ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್.

ಹೋಮ್‌ಸ್ಟೇ ಪ್ಲಗ್ಗಿನಿಂದ: ಲಿಥಿಯಂ ಸೆಟ್ಟಿಂಗ್ ಇರುವ ಚಾರ್ಜರ್ ಬೇಕು. ಮೂರೂ ಚಾರ್ಜರುಗಳಲ್ಲಿ ಚಾರ್ಜಿಗೆ 14.2ರಿಂದ 14.4 ವೋಲ್ಟ್, ತುಂಬಿದ ಮೇಲೆ ಹಿಡಿದಿಡುವ ಫ್ಲೋಟ್ 13.5, ಸೀಸದ ಬ್ಯಾಟರಿಗೆಂದೇ ಇರುವ ಈಕ್ವಲೈಸ್ ಆಫ್. ಬ್ಯಾಟರಿ ಕಂಪನಿಯ ಕಾಗದದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಇಡಿ.

7. 230 ವೋಲ್ಟ್

ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನೀವು ಕೇಳಬೇಕಾದದ್ದು ಇಷ್ಟು. ಇನ್ವರ್ಟರ್ ಮತ್ತು ಹೊರಗಿನ ಕರೆಂಟ್ ಎಂದೂ ಒಟ್ಟಿಗೆ ಸೇರದ ಹಾಗೆ, ಫೇಸ್ ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಚೇಂಜ್‌ಓವರ್ ಸ್ವಿಚ್. ಕರೆಂಟ್ ಸೋರಿದ ಕೂಡಲೇ ಕತ್ತರಿಸುವ 30 ಮಿಲಿ ಆಂಪಿನ ಆರ್‌ಸಿಸಿಬಿ. ಗಾಡಿಯ ಬಾಡಿಗೆ ಅರ್ತ್. ಇನ್ವರ್ಟರಿನ ನ್ಯೂಟ್ರಲ್ ಅರ್ತಿಗೆ ಸೇರಿದೆಯೋ ಇಲ್ಲವೋ ಅದರ ಕೈಪಿಡಿಯಲ್ಲಿ ನೋಡಿಸಿ. ಸೇರಿಲ್ಲದಿದ್ದರೆ ಇನ್ವರ್ಟರಿನಲ್ಲಿ ಓಡುವಾಗ ಆರ್‌ಸಿಸಿಬಿ ಇದ್ದೂ ಇಲ್ಲದ ಹಾಗೆ.

ಪ್ಯೂರ್ ಸೈನ್ ವೇವ್, ಅಂದರೆ ಮನೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವ ಇನ್ವರ್ಟರನ್ನೇ ತೆಗೆದುಕೊಳ್ಳಿ. ನನಗೊಬ್ಬ ಅಂಗಡಿಯವ ಪ್ಯೂರ್ ಸೈನ್ ಅಂತ ಹೇಳಿ ಕೊಟ್ಟದ್ದು ಬೇರೇನೋ. ಮಿಕ್ಸಿ ಹಾಕಿದರೆ ಜೀರುಂಡೆ ಹಾಗೆ ಗುಂಯ್‌ಗುಟ್ಟುತ್ತಿತ್ತು, ಮೋಟಾರ್ ಕಾಯುತ್ತಿತ್ತು. ಕೊಳ್ಳುವಾಗ ಮಿಕ್ಸಿಯನ್ನೇ ಅಂಗಡಿಗೆ ಒಯ್ದು ಹಾಕಿ ನೋಡಿ, ನಾಚಿಕೆ ಬೇಡ.

ಹೋಮ್‌ಸ್ಟೇ ಸಾಕೆಟ್ಟಿಗೆ ಚುಚ್ಚುವ ಮುಂಚೆ ಅರ್ತ್ ಇದೆಯಾ ನೋಡಿ. ಮೂರು ಪಿನ್ನಿನ ಟೆಸ್ಟರ್ ಅಗ್ಗಕ್ಕೆ ಸಿಗುತ್ತದೆ. ಮೂರು ತೂತಿದ್ದ ಮಾತ್ರಕ್ಕೆ ಮೂರು ವೈರ್ ಇರುತ್ತದೆ ಅಂತಿಲ್ಲ.

8. ದಿನಬಳಕೆ

ಸೀಸದ ಬ್ಯಾಟರಿಯಲ್ಲಿ ವೋಲ್ಟ್ ನೋಡಿ ಅಂದಾಜು ಮಾಡಬಹುದು. ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ 12.7 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ಎಲ್‌ಎಫ್‌ಪಿಯಲ್ಲಿ ಅದು ನಡೆಯದು. ತುಂಬಿದಾಗಲೂ ಅರ್ಧವಾದಾಗಲೂ 13ರ ಆಸುಪಾಸಿನಲ್ಲೇ ಕೂತಿರುತ್ತದೆ, ಕೊನೆಗೆ ಜಾರುಬಂಡೆ ಹಾಗೆ ಇಳಿಯುತ್ತದೆ. ಶಂಟಿನ ಶೇಕಡಾ ನೋಡಿ. ಅದೂ ದಿನ ಕಳೆದಂತೆ ತಪ್ಪುತ್ತದೆ, ಆಗಾಗ ಬ್ಯಾಟರಿಯನ್ನು 100ಕ್ಕೆ ತುಂಬಿಸಿದರೆ ತಾನೇ ಸರಿಹೋಗುತ್ತದೆ. 20ಕ್ಕೆ ಇಳಿದರೆ ನಾವು ಇನ್ವರ್ಟರ್ ಆಫ್ ಮಾಡಿ ಫ್ಯಾನ್, ಲೈಟು ಮಾತ್ರ ಇಟ್ಟುಕೊಳ್ಳುತ್ತೇವೆ. ಕೆಲಸವಿಲ್ಲದಾಗಲೂ ಇನ್ವರ್ಟರ್ ಸುಮ್ಮನೆ ಕೂತು ತಿನ್ನುತ್ತದೆ. 10 ವ್ಯಾಟ್ ಅಂದರೂ ದಿನಕ್ಕೆ ಕಾಲು ಯೂನಿಟ್. ಚಟ್ನಿ ಆದ ಕೂಡಲೇ ಆರಿಸಿ.

ಎರಡು ತಿಂಗಳು ಗಾಡಿ ನಿಲ್ಲಿಸುವುದಾದರೆ ಲಿಥಿಯಮ್ಮನ್ನು ಅರ್ಧಕ್ಕಿಂತ ತುಸು ಮೇಲೆ ಬಿಟ್ಟು, ಪ್ಯಾನಲ್ ಬಿಚ್ಚಿ, ಮೇನ್ ಸ್ವಿಚ್ ಆಫ್ ಮಾಡಿ. ಸೀಸದ್ದಾದರೆ ಪೂರ್ತಿ ತುಂಬಿಸಿಡಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜ್, ಡಿಸ್ಟಿಲ್ಡ್ ವಾಟರ್ ನೋಡುವುದು.

ಇನ್ನು ಆ ನಟ್ಟು. ಬಿಗಿ ಮಾಡಿದ ಪ್ರತಿ ನಟ್ಟಿನಿಂದ ಪಕ್ಕದ ಲಗ್ಗಿನ ತನಕ ಮಗಳ ಕೆಂಪು ನೈಲ್ ಪಾಲಿಶಿನಲ್ಲಿ ಒಂದು ನೇರ ಗೆರೆ ಎಳೆದಿದ್ದೇನೆ. ನಟ್ಟು ಸ್ವಲ್ಪ ಜರುಗಿದರೂ ಗೆರೆ ಮುರಿಯುತ್ತದೆ. ಮೊದಲ 500 ಕಿಲೋಮೀಟರ್ ಆದ ಮೇಲೆ ಒಮ್ಮೆ, ಆಮೇಲೆ ಪ್ರತಿ ಘಾಟಿ ಇಳಿದ ಮೇಲೆ ಡಬ್ಬಿ ತೆಗೆದು ನೋಡುತ್ತೇನೆ. ಚಾರ್ಜ್ ಆಗುತ್ತಿರುವಾಗಲೇ ಸ್ಲೀವಿನ ಮೇಲೆ ಬೆರಳ ಹಿಂಬದಿ ತಾಗಿಸಿ ಪಕ್ಕದ್ದರ ಜೊತೆ ಹೋಲಿಸುತ್ತೇನೆ. ಒಂದು ಮಾತ್ರ ಬೆಚ್ಚಗಿದ್ದರೆ ಮೇನ್ ಸ್ವಿಚ್ ಆಫ್, ಕೈಗೆ ಸ್ಪ್ಯಾನರ್. ಟೀ ಆಮೇಲೆ.